ಬೋರ್ಡಿನ ಮೇಲೆ 1952, ರಿಜಿಸ್ಟರಿನಲ್ಲಿ 1342: ಬಾಲಕರ ಪ್ರೌಢಶಾಲೆಯ ವಯಸ್ಸು ಲೆಕ್ಕ ಹಾಕೋದು ಹೇಗೆ?

ಕೃಷ್ಣಾತೀರ (ಪ್ರಶ್ನೆ)

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಬಾಲಕರ ಪ್ರೌಢಶಾಲೆಯ ವಿಷಯ. ಹಳೆಯ ವಿದ್ಯಾರ್ಥಿಗಳ ಸಂಘದವರು ಶತಮಾನೋತ್ಸವ ಮಾಡೇ ತೀರೋಣ, ಸ್ಮರಣ ಸಂಚಿಕೆ ತರೋಣ ಅಂತ ಪಟ್ಟು ಹಿಡಿದಿದ್ದಾರೆ. ಶಾಲೆಯ ಇತಿಹಾಸ ಬರೆಯುವ ಕೆಲಸ ನನಗೆ ಬಂದಿದೆ. ಆದರೆ ಶಾಲೆ ಯಾವ ವರ್ಷ ಶುರುವಾಯಿತು ಅನ್ನೋದೇ ಇತ್ಯರ್ಥ ಆಗ್ತಿಲ್ಲ.

ಗೇಟಿನ ಬೋರ್ಡಿನಲ್ಲಿ "ಸ್ಥಾಪನೆ 1952" ಅಂತಿದೆ. ಯು-ಡೈಸ್‌ನಲ್ಲೂ (ಸರ್ಕಾರದ ಶಾಲಾ ಮಾಹಿತಿ ದಾಖಲೆ) ಅದೇ ವರ್ಷ. ಆಫೀಸಿನ ಬೀರುವಿನಲ್ಲಿ ಎರಡು ಹಳೇ ಅಡ್ಮಿಷನ್ ರಿಜಿಸ್ಟರ್ ಸಿಕ್ಕಿವೆ. ಮೊದಲನೆಯದು ಪೂರ್ತಿ ಉರ್ದು. ಓದಿಸಿ ನೋಡಿದಾಗ ಮೊದಲ ನಮೂದು "ಅಮರ್ದಾದ್ 1342". ಆ ಒಂದೇ ದಿನ ನಲವತ್ತರಷ್ಟು ಹುಡುಗರ ಹೆಸರು, ಒಂದನೇ ತರಗತಿಯಿಂದ ಏಳನೆಯ ತನಕ ಎಲ್ಲ ತರಗತಿಯವರೂ ಇದ್ದಾರೆ. ಎರಡನೇ ರಿಜಿಸ್ಟರ್ 1952ರದು, ಕನ್ನಡ-ಇಂಗ್ಲಿಷ್ ಕಲಸಿದೆ, ಅಡ್ಮಿಷನ್ ನಂಬರ್ ಮತ್ತೆ 1ರಿಂದ ಶುರು.

ಸಮಿತಿಯ ಹಿರಿಯರೊಬ್ಬರು 1342 ಅಂದ್ರೆ ಹಿಜರಿ, ಅಂದರೆ 1924, ನೂರು ಈಗಾಗಲೇ ತುಂಬಿದೆ, ತಡ ಮಾಡಬಾರದು ಅಂತಾರೆ. ಬೋರ್ಡ್ ಬರೆಸಿದವರು 1952 ಬಿಟ್ಟು ಕದಲೋದಿಲ್ಲ. ಇದಲ್ಲದೆ ಹಳೇ ಕಟ್ಟಡದ ಬಾಗಿಲ ಮೇಲೊಂದು ಕಲ್ಲಿದೆ, ಸುಣ್ಣ ಬಳಿದು ಬಳಿದು ಅಕ್ಷರ ಮುಚ್ಚಿಹೋಗಿವೆ. ಚಾವಣಿಯ ಕಬ್ಬಿಣದ ತೊಲೆಗಳ ಮೇಲೂ ಏನೋ ಅಕ್ಷರ ಇವೆ.

ಯಾವುದನ್ನು ನಂಬಬೇಕು? ಇನ್ನೂ ಎಲ್ಲೆಲ್ಲಿ ಹುಡುಕಬೇಕು? ತಿಳಿದವರು ದಾರಿ ತೋರಿಸ್ರಿ.

ಫಸಲಿ_ಲೆಕ್ಕ

ಮೊದಲು ಇಸವಿಯ ಜಗಳ ಮುಗಿಸೋಣ, ಅದು ಸುಲಭ. "ಅಮರ್ದಾದ್" ಅಂತ ತಿಂಗಳ ಹೆಸರಿದ್ದರೆ ಅದು ಹಿಜರಿ ಆಗಲು ಸಾಧ್ಯವೇ ಇಲ್ಲ. ಹಿಜರಿಯ ತಿಂಗಳು ಮೊಹರಂ, ಸಫರ್, ರಜಬ್, ರಂಜಾನ್ ಇತ್ಯಾದಿ. ಅಜೂರ್, ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಅರ್ದಿಬಿಹಿಷ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್ ಇವು ನಿಜಾಮರ ರಾಜ್ಯದಲ್ಲಿ ಕಂದಾಯ, ಕಚೇರಿ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ಪಂಚಾಂಗದ ತಿಂಗಳುಗಳು. ಹೈದರಾಬಾದ್ ಫಸಲಿ ವರ್ಷ ಅಕ್ಟೋಬರ್ ಆರಂಭದ ಹೊತ್ತಿಗೆ ಅಜೂರ್‌ನಿಂದ ಶುರುವಾಗುತ್ತದೆ. ಅಜೂರ್, ದೈ ಮತ್ತು ಡಿಸೆಂಬರಿನೊಳಗೆ ಬರುವ ಬಹಮನ್ ದಿನಗಳಿಗೆ 590 ಕೂಡಿಸಿ, ಅಲ್ಲಿಂದ ಮುಂದಿನವಕ್ಕೆ 591. ಅಮರ್ದಾದ್ ಒಂಬತ್ತನೇ ತಿಂಗಳು, ಹೆಚ್ಚುಕಡಿಮೆ ಜೂನ್‌ನಲ್ಲಿ ಬರುತ್ತದೆ. 1342 + 591 = 1933. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೂ ಸರಿಹೋಗುತ್ತದೆ.

ಹಿಜರಿ 1342 ಶುರುವಾಗಿದ್ದು 1923ರ ಆಗಸ್ಟ್‌ನಲ್ಲಿ. ಹಿರಿಯರ ಲೆಕ್ಕದಲ್ಲಿ ಒಂಬತ್ತು ವರ್ಷ ಹೆಚ್ಚಾಗಿರೋದು ಇಲ್ಲೇ. ಹೈದರಾಬಾದ್ ಭಾಗದ ಎಷ್ಟೋ ಶಾಲೆ, ಮಸೀದಿ, ಬಾವಿಗಳ ಇಸವಿ ಹೀಗೇ ಹಿಂದಕ್ಕೆ ಜರಗಿದೆ. ತಿಂಗಳ ಹೆಸರಿಲ್ಲದ ಕಡೆ ಅಂಕಿಯ ಪಕ್ಕದ ಗುರುತು ನೋಡಿಸಿ. "ಫೇ" ಅಕ್ಷರ ಇದ್ದರೆ ಫಸಲಿ, "ಹೇ" ಇದ್ದರೆ ಹಿಜರಿ, "ಐನ್"ನ ತಲೆ ಮಾತ್ರ ಇದ್ದರೆ ಈಸವಿ. ಅವಸರದ ಬರಹದಲ್ಲಿ ಫೇಯ ಚುಕ್ಕೆ ಬಿಟ್ಟುಹೋಗಿರುತ್ತದೆ. ಆಗ ಆ ಪುಟದ ಹಿಂದೆ ಮುಂದೆ ತಿಂಗಳ ಹೆಸರು ಎಲ್ಲಿದೆ ಹುಡುಕಬೇಕು. ಉರ್ದು ಅಂಕಿಗಳಲ್ಲಿ 2 ಮತ್ತು 3ರ ನಡುವೆ ಒಂದು ಹಲ್ಲಿನ ವ್ಯತ್ಯಾಸ ಅಷ್ಟೇ. ಹಾಗಾಗಿ ಒಂದೇ ನಮೂದನ್ನು ನಂಬಬೇಡಿ, ಕ್ರಮವಾಗಿ ಹತ್ತು ಪುಟದ ತಾರೀಖು ಓದಿಸಿ. ವರ್ಷಗಳು ಸಾಲಾಗಿ ಬಂದರೆ ಓದಿದ್ದು ಸರಿ.

ಈಗ ಕಷ್ಟದ ಭಾಗ. 1933 ಅನ್ನೋದು *ಯಾವುದರ* ವರ್ಷ? ನಿಜಾಮರ ಕಾಲದಲ್ಲಿ ಮೂರು ಮೆಟ್ಟಿಲು: ಪ್ರಾಥಮಿಕಕ್ಕೆ ತಹ್ತಾನಿಯಾ, ಮಿಡ್ಲ್‌ಗೆ ವಸ್ತಾನಿಯಾ, ಹೈಸ್ಕೂಲಿಗೆ ಫೌಖಾನಿಯಾ. ನಿಮ್ಮ ಮೊದಲ ಪುಟದಲ್ಲಿ ಏಳನೇ ತರಗತಿ ತನಕ ಇದೆ ಅಂದರೆ ಅದು ವಸ್ತಾನಿಯಾ, ಪ್ರೌಢಶಾಲೆ ಅಲ್ಲ. ಒಂದೇ ದಿನ ಏಳೂ ತರಗತಿಗೆ ಹುಡುಗರು ಬಂದಿದ್ದಾರೆ ಅಂದಮೇಲೆ ಅವತ್ತು ಶಾಲೆ ಹುಟ್ಟಿದ್ದೂ ಅಲ್ಲ. ಹೊಸದಾಗಿ ಹುಟ್ಟಿದ ಶಾಲೆಗೆ ಮೊದಲ ದಿನವೇ ಏಳನೇ ತರಗತಿ ಓದೋ ಹುಡುಗ ಎಲ್ಲಿಂದ ಬರಬೇಕು? ಅದಕ್ಕೂ ಮುಂಚೆ ಅಲ್ಲಿ ತಹ್ತಾನಿಯಾ ಇತ್ತು, ಮೇಲ್ದರ್ಜೆಗೆ ಏರಿದಾಗ ಹೊಸ ರಿಜಿಸ್ಟರ್ ತೆರೆದು ಇದ್ದವರನ್ನೆಲ್ಲ ಇಳಿಸಿಕೊಂಡಿದ್ದಾರೆ. ಅಥವಾ ಹಳೇ ರಿಜಿಸ್ಟರ್ ತುಂಬಿ ಹೊಸದಕ್ಕೆ ಚಾಲ್ತಿ ಹುಡುಗರ ಹೆಸರು ನಕಲು ಮಾಡಿದ್ದಾರೆ. ನಕಲಾಗಿದ್ದರೆ ಎಲ್ಲ ಹೆಸರೂ ಒಂದೇ ಕೈಬರಹ, ಒಂದೇ ಶಾಯಿ, ತರಗತಿವಾರು ಸಾಲು. ನಿಜವಾದ ದಾಖಲಾತಿ ಆಗಿದ್ದರೆ ತರಗತಿಗಳು ಅಡ್ಡಾದಿಡ್ಡಿ ಬರುತ್ತವೆ.

ಪ್ರೌಢಶಾಲೆ ಆದ ವರ್ಷ ಹಿಡಿಯಲು ಅದೇ ರಿಜಿಸ್ಟರಿನ ಬಲಗಡೆಯ ಕಾಲಂ ನೋಡಿ, ಶಾಲೆ ಬಿಟ್ಟ ತಾರೀಖು ಮತ್ತು ಬಿಟ್ಟಾಗಿನ ತರಗತಿ. ತರಗತಿಯನ್ನು ಅಂಕಿಯಲ್ಲಿ ಬರೆಯದೆ ಜಮಾತ್ ಹಫ್ತುಂ (ಏಳು), ಹಷ್ತುಂ (ಎಂಟು), ನಹುಂ (ಒಂಬತ್ತು), ದಹುಂ (ಹತ್ತು) ಅಂತ ಬರೆದಿರುತ್ತಾರೆ. ವರ್ಷವರ್ಷವೂ ಹುಡುಗರು ಹಫ್ತುಂ ಮುಗಿಸಿ ಟಿಸಿ ತಗೊಂಡು ರಾಯಚೂರಿಗೋ ಗುಲ್ಬರ್ಗಾಕ್ಕೋ ಹೋಗ್ತಿದ್ದವರು ಯಾವ ವರ್ಷದಿಂದ ಹೋಗೋದು ನಿಂತಿತೋ, ಆ ವರ್ಷ ಎಂಟನೇ ತರಗತಿ ತೆರೆದಿದೆ ಅಂತ ಅರ್ಥ. ಎರಡು ವರ್ಷ ಬಿಟ್ಟು ದಹುಂ ಕಾಣಿಸಿಕೊಳ್ಳಬೇಕು. ಕಾಣದಿದ್ದರೆ ಎಂಟನೇ ತರಗತಿ ತೆರೆದು ಮುಚ್ಚಿರಬಹುದು, ಹಾಗೂ ಆಗುತ್ತಿತ್ತು.

ಕೃಷ್ಣಾತೀರ

ಧನ್ಯವಾದ ಸರ್. ಹತ್ತು ಪುಟ ಓದಿಸಿದೆ, 1342, 1343, 1344 ಸಾಲಾಗಿ ಬಂದವು. ಫಸಲಿ ಅನ್ನೋದು ಖಾತ್ರಿ ಆಯಿತು. ಇಡೀ ರಿಜಿಸ್ಟರಿನಲ್ಲಿ ದಹುಂ ಒಂದೂ ಇಲ್ಲ. 1357ರಲ್ಲಿ ಮಾತ್ರ ಹೆಸರು ಕಡಿಮೆ ಕಡಿಮೆ ಆಗಿ, ಕೆಲವು ತಿಂಗಳು ಏನೂ ಇಲ್ಲ. ಶಾಲೆ ಮುಚ್ಚಿತ್ತು ಅಂತ ಬರೆಯಬಹುದಾ? ಮತ್ತೆ 1952ರಲ್ಲಿ ನಂಬರ್ 1ರಿಂದ ಯಾಕೆ ಶುರುವಾಯಿತು?

ಫಸಲಿ_ಲೆಕ್ಕ

ಫಸಲಿ 1357 ಅಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರ್ ತನಕ. ರಜಾಕಾರರ ಹಾವಳಿ, ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರ, ಊರು ಬಿಟ್ಟ ಕುಟುಂಬಗಳು, ಕೊನೆಗೆ 1948ರ ಸೆಪ್ಟೆಂಬರ್ 13ರಿಂದ ಪೊಲೀಸ್ ಕಾರ್ಯಾಚರಣೆ, ಎಲ್ಲವೂ ಆ ಒಂದೇ ಫಸಲಿ ವರ್ಷದಲ್ಲಿ. ಆದರೂ ದಾಖಲಾತಿ ಇಲ್ಲ ಅಂದಮಾತ್ರಕ್ಕೆ ಶಾಲೆ ಮುಚ್ಚಿತ್ತು ಅಂತ ಬರೆಯಬೇಡಿ. ಹೊಸಬರು ಸೇರಲಿಲ್ಲ ಅಂತ ಮಾತ್ರ ಅದರಿಂದ ಗೊತ್ತಾಗುತ್ತದೆ. ಶಾಲೆ ನಡೆಯಿತೋ ಇಲ್ಲವೋ ಹೇಳೋದು ಹಾಜರಿ ಪುಸ್ತಕ ಮತ್ತು ಸಂಬಳದ ಅಕ್ವಿಟೆನ್ಸ್ (ಸಂಬಳ ಪಡೆದು ಸಹಿ ಹಾಕಿದ ಪಟ್ಟಿ). ಮಾಸ್ತರರಿಗೆ ಸಂಬಳ ಬಟವಾಡೆ ಆಗಿದ್ದು, ಹುಡುಗರ ಹಾಜರಿ ಖಾಲಿ ಇದ್ದರೆ, ಬಾಗಿಲು ತೆರೆದಿತ್ತು, ಹುಡುಗರು ಬರಲಿಲ್ಲ ಅಂತ ಬರೆಯಬಹುದು. ಎರಡೂ ಸಿಗದಿದ್ದರೆ "ಈ ಅವಧಿಯಲ್ಲಿ ಹೊಸ ದಾಖಲಾತಿ ಇಲ್ಲ" ಅಂತ ಒಂದು ಸಾಲು ಸಾಕು.

ನಂಬರ್ ಮತ್ತೆ 1ರಿಂದ ಬರೋದಕ್ಕೆ ಎರಡು ಕಾರಣ ಇರಬಹುದು. ಪೊಲೀಸ್ ಕಾರ್ಯಾಚರಣೆ ಆದಮೇಲೆ ಬೋಧನೆ ಉರ್ದುವಿನಿಂದ ಪ್ರಾಂತ ಭಾಷೆಗೆ ತಿರುಗಿತು, ಆಗ ಕಚೇರಿಯ ಪುಸ್ತಕಗಳೂ ಬದಲಾದವು. ಬರೀ ಭಾಷೆ ಬದಲಾಗಿ ಹೊಸ ಪುಸ್ತಕ ತೆರೆದಿದ್ದರೆ ಪಕ್ಕದಲ್ಲಿ ಹಳೇ ಅಡ್ಮಿಷನ್ ನಂಬರ್ ಸಣ್ಣಗೆ ಬರೆದಿರುತ್ತಾರೆ, ಟಿಸಿ ನಂಬರ್ ಇರೋದಿಲ್ಲ. ಇನ್ನೊಂದು, ಪ್ರೌಢಶಾಲೆ ಬೇರೆ ಸಂಸ್ಥೆಯಾಗಿಯೇ ಶುರುವಾಗಿರೋದು. ಆಗ "ಹಿಂದಿನ ಶಾಲೆ" ಕಾಲಂನಲ್ಲಿ ಅದೇ ಊರಿನ ಮಿಡ್ಲ್ ಸ್ಕೂಲಿನ ಹೆಸರು, ಟಿಸಿ ನಂಬರ್, ತಾರೀಖು ಎಲ್ಲ ಇರುತ್ತವೆ, ಮೊದಲ ದಿನ ಸೇರಿದವರೆಲ್ಲ ಎಂಟನೇ ತರಗತಿಯವರೇ ಆಗಿರುತ್ತಾರೆ.

ನಿಮ್ಮ ಮೊದಲ ರಿಜಿಸ್ಟರಿನಲ್ಲಿ ದಹುಂ ಇಲ್ಲ ಅಂದಮೇಲೆ ನನ್ನ ಅಂದಾಜು ಎರಡನೆಯ ಕಡೆಗೇ. ಹಾಗಾದರೆ ಇನ್ನೊಂದು ಸಂಗತಿ ಎದುರಾಗುತ್ತದೆ. ಆ ಉರ್ದು ರಿಜಿಸ್ಟರ್ ಹಕ್ಕಿನಿಂದ ನಿಮ್ಮ ಶಾಲೆಯದಲ್ಲ, ಆ ಮಿಡ್ಲ್ ಸ್ಕೂಲಿನ ವಾರಸುದಾರ ಈಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಬಹುಶಃ ಅದೇ ಕಾಂಪೌಂಡಿನಲ್ಲೋ ಹಿಂದಿನ ಬೀದಿಯಲ್ಲೋ ಇರುತ್ತದೆ. ಶತಮಾನೋತ್ಸವಕ್ಕೆ ಅವರೂ ಅದೇ ರಿಜಿಸ್ಟರ್ ಕೇಳಿಕೊಂಡು ಬಂದರೆ ಜಗಳ ಬೇಡ, ಮೊದಲೇ ಮಾತಾಡಿಕೊಳ್ಳಿ.

ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ನಿಜಾಮ್ ಸರ್ಕಾರದ ಕಡತಗಳಿವೆ. ಹೋಗುವ ಮುಂಚೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಮುಖ್ಯಗುರುಗಳ ಪತ್ರ, ಗುರುತಿನ ಚೀಟಿ, ಉರ್ದು ಕೈಬರಹ ಓದುವವರೊಬ್ಬರು ಜೊತೆಗಿರಲಿ. ಕೇಳುವಾಗ "ಹೈಸ್ಕೂಲ್ ಫೈಲ್" ಅಂದರೆ ಯಾರಿಗೂ ಹೊಳೆಯೋದಿಲ್ಲ. ತಾಲೀಮಾತ್ (ಶಿಕ್ಷಣ) ಇಲಾಖೆ, ಗುಲ್ಬರ್ಗಾ ಸೂಬಾ, ರಾಯಚೂರು ಜಿಲ್ಲೆ, ಇಂಥ ಫಸಲಿ ವರ್ಷ, ಹೀಗೆ ಕೇಳಬೇಕು. ಇಲಾಖೆಯ ಮುಖ್ಯಸ್ಥ ನಾಜಿಂ, ಜಿಲ್ಲೆಯವನು ಮೊಹತಮಿಮ್, ಮುಖ್ಯ ಉಪಾಧ್ಯಾಯ ಸದರ್ ಮುದರ್ರಿಸ್. ಕಡತದ ಮೇಲೆ ಈ ಹೆಸರುಗಳೇ ಇರುತ್ತವೆ. 1905ಕ್ಕಿಂತ ಹಿಂದಿನದು ಬೇಕಾದರೆ ಲಿಂಗಸುಗೂರು ಜಿಲ್ಲೆ ಅಂತಲೂ ಹುಡುಕಿಸಿ. ಆ ಜಿಲ್ಲೆ 1905ರಲ್ಲಿ ರದ್ದಾಗಿ ಬಹುಭಾಗ ರಾಯಚೂರಿಗೆ ಸೇರಿತು. ಕುಷ್ಟಗಿಯಂಥ ಊರುಗಳು ಅಲ್ಲಿಯ ತನಕ ಅದರೊಳಗೇ ಇದ್ದವು.

ವೇದಾವತಿ_ದಂಡೆ

ನಮ್ಮದು ಸಿರುಗುಪ್ಪ ಕಡೆ. ಇಲ್ಲೂ ಇದೇ ತಕರಾರು ನಡೆದಿದೆ. ಈ ಫಸಲಿ ಲೆಕ್ಕ ನಮಗೂ ಹಿಡಿಯುತ್ತದಾ?

ಬಳ್ಳಾರಿ_ಬತೇರಿ

ಹಿಡಿಯೋದಿಲ್ಲ. ತುಂಗಭದ್ರೆ ದಾಟಿದರೆ ಬೇರೆ ಸರ್ಕಾರ. ಬಳ್ಳಾರಿ 1800ರಲ್ಲಿ ನಿಜಾಮರಿಂದ ಕಂಪನಿಗೆ ಹೋಯಿತು, ಥಾಮಸ್ ಮನ್ರೋ ಇಲ್ಲಿಯ ಮೊದಲ ಪ್ರಧಾನ ಕಲೆಕ್ಟರ್. ಅಲ್ಲಿಂದ 1953ರ ಸೆಪ್ಟೆಂಬರ್ ಕೊನೆಯ ತನಕ ಮದ್ರಾಸ್. ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಸಂಡೂರು ಮಾತ್ರ 1949ರ ತನಕ ಘೋರ್ಪಡೆ ಮನೆತನದ ಸಂಸ್ಥಾನ, ಅದರ ಶಾಲೆಗಳ ಹಳೇ ಆದೇಶ ಮದ್ರಾಸಿನಲ್ಲಿ ಹುಡುಕಬಾರದು.

ಇಲ್ಲಿಯ ಶಾಲಾ ರಿಜಿಸ್ಟರುಗಳು ಬಹುಪಾಲು ಇಂಗ್ಲಿಷ್, ತಾರೀಖೂ ಇಂಗ್ಲಿಷ್ ಲೆಕ್ಕದ್ದೇ. ಮದ್ರಾಸಿನಲ್ಲೂ ಫಸಲಿ ಇತ್ತು, ಆದರೆ ಅಡಂಗಲ್‌ನಂಥ (ಪಹಣಿಯಂಥ ಜಮೀನಿನ ದಾಖಲೆ) ಕಂದಾಯದ ಲೆಕ್ಕಗಳಿಗೆ ಮಾತ್ರ. ಅದು ಜುಲೈ 1ಕ್ಕೆ ಶುರು, ಅಜೂರ್-ಅಮರ್ದಾದ್ ಗೊಡವೆ ಇಲ್ಲ. ಹಾಗಾಗಿ ಶಾಲೆಯ ಜಾಗದ ಅಡಂಗಲ್‌ನಲ್ಲಿ ಫಸಲಿ 1342 ಕಂಡರೆ ಅದು 1932ರ ಜುಲೈಯಿಂದ 1933ರ ಜೂನ್.

ತರಗತಿಗಳನ್ನು ಫಾರಂ ಅಂತಿದ್ದರು. ಒಂದರಿಂದ ಮೂರನೇ ಫಾರಂ ಮಿಡ್ಲ್, ನಾಲ್ಕು, ಐದು, ಆರು ಹೈಸ್ಕೂಲು. ಆರನೇ ಫಾರಂ ಮುಗಿದಾಗ ಎಸ್ಸೆಸ್ಸೆಲ್ಸಿ. ಹೊಸ ಹೈಸ್ಕೂಲಿಗೆ ಮಂಜೂರಾತಿ ಸಿಕ್ಕಿದಾಗ ಸಾಮಾನ್ಯವಾಗಿ ಮೊದಲ ವರ್ಷ ನಾಲ್ಕನೇ ಫಾರಂ ಮಾತ್ರ, ವರ್ಷಕ್ಕೊಂದು ಮೇಲಕ್ಕೆ. ಆದ್ದರಿಂದ ಮೊದಲ ಎಸ್ಸೆಸ್ಸೆಲ್ಸಿ ತಂಡ ಪರೀಕ್ಷೆ ಬರೆದ ವರ್ಷದಿಂದ ಮೂರು ಕಳೆದರೆ ನಾಲ್ಕನೇ ಫಾರಂ ತೆರೆದ ವರ್ಷ ಬರುತ್ತದೆ. ಮೊದಲ ತಂಡ 1938ರ ಬೇಸಿಗೆಯಲ್ಲಿ ಬರೆದಿದ್ದರೆ ಶಾಲೆ ತೆರೆದದ್ದು 1935ರ ಮಧ್ಯದಲ್ಲಿ. ಹಳಬರ ಎಸ್ಸೆಸ್ಸೆಲ್ಸಿ ಪುಸ್ತಕ ಮನೆಗಳಲ್ಲಿ ಇನ್ನೂ ಸಿಗುತ್ತವೆ. ಈಗಿನಂತೆ ಒಂದು ಹಾಳೆಯ ಅಂಕಪಟ್ಟಿ ಅಲ್ಲ, ಪುಟ್ಟ ಪುಸ್ತಕ. ಶಾಲೆಯ ಹೆಸರು, ಹೆಡ್‌ಮಾಸ್ಟರ್ ಸಹಿ, ಮುದ್ರೆ ಎಲ್ಲ ಇರುತ್ತವೆ.

ಹುಡುಕುವವರು ಎಡವೋದು ಹೆಸರಿನಲ್ಲಿ. "ಗವರ್ನಮೆಂಟ್ ಬಾಯ್ಸ್ ಹೈಸ್ಕೂಲ್" ಅಂತ ಮದ್ರಾಸ್ ಕಾಲದ ವರದಿಯಲ್ಲಿ ಹುಡುಕಿದರೆ ಸಿಗೋದಿಲ್ಲ. ಆಗ ಅವು ಸರ್ಕಾರದ್ದಲ್ಲ, ಜಿಲ್ಲಾ ಬೋರ್ಡಿನವು ಅಥವಾ ಪುರಸಭೆಯವು. "ಬೋರ್ಡ್ ಹೈಸ್ಕೂಲ್", "ಮುನ್ಸಿಪಲ್ ಹೈಸ್ಕೂಲ್" ಅಂತಲೇ ಜನ ಕರೀತಿದ್ದರು, ನಮ್ಮೂರಲ್ಲಿ ಈಗಲೂ ಹಳಬರು ಮುನ್ಸಿಪಲ್ ಹೈಸ್ಕೂಲ್ ಅಂತಲೇ ಅಂತಾರೆ. "ಬಾಲಕರ" ಅನ್ನೋದು ಎಷ್ಟೋ ಕಡೆ ಆಮೇಲೆ ಸೇರಿದ್ದು, ಹೆಣ್ಣುಮಕ್ಕಳ ಪ್ರೌಢಶಾಲೆ ಬೇರೆ ಆದಾಗ. ಅದಕ್ಕೆ ಮುಂಚಿನ ರಿಜಿಸ್ಟರಿನಲ್ಲಿ ನಾಲ್ಕಾರು ಹುಡುಗಿಯರ ಹೆಸರೂ ಬರುತ್ತವೆ. ಸಂಚಿಕೆಯಲ್ಲಿ "ಆರಂಭದಿಂದಲೂ ಬಾಲಕರಿಗೆ ಮೀಸಲು" ಅಂತ ಬರೆಯುವ ಮೊದಲು ಆ ಹೆಸರುಗಳನ್ನೊಮ್ಮೆ ನೋಡಿ.

ಮದ್ರಾಸ್ ಆದೇಶಗಳು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿವೆ. ಅಲ್ಲಿ ವರ್ಷವಾರು ಮುದ್ರಿತ ಸೂಚಿ ಇರುತ್ತದೆ. ಜಿ.ಓ. (ಸರ್ಕಾರಿ ಆದೇಶ) ನಂಬರ್, ತಾರೀಖು, ಇಲಾಖೆ ಮೂರೂ ಬೇಕು. ಶಿಕ್ಷಣ ಎಲ್ಲ ಕಾಲಕ್ಕೂ ಸ್ವತಂತ್ರ ಇಲಾಖೆ ಆಗಿರಲಿಲ್ಲ, ಹೋಂ ಅಥವಾ ಲಾ ಇಲಾಖೆಯ ಕೆಳಗೆ "ಎಜುಕೇಷನ್" ಅಂತ ಬರುವ ವರ್ಷಗಳಿವೆ, ಆ ಸೂಚಿಗಳನ್ನೂ ತೆಗೆಸಿ. ಪ್ರಾಂತದ ಸಾರ್ವಜನಿಕ ಶಿಕ್ಷಣ ನಿರ್ದೇಶಕರ ವಾರ್ಷಿಕ ವರದಿಗಳು ಸ್ಕ್ಯಾನ್ ಆಗಿ ಅಂತರ್ಜಾಲದಲ್ಲೇ ಸಿಗುತ್ತವೆ, ಚೆನ್ನೈಗೆ ಹೋಗುವ ಮುಂಚೆ ಅವನ್ನು ನೋಡಿದರೆ ರೈಲು ಚಾರ್ಜು ಉಳಿದೀತು. 1882ಕ್ಕಿಂತ ಹಿಂದಿನ ಬಳ್ಳಾರಿ ಜಿಲ್ಲೆಯ ಅಂಕಿಗಳಲ್ಲಿ ಅನಂತಪುರವೂ ಕೂಡಿರುತ್ತದೆ, ಶಾಲೆಗಳ ಸಂಖ್ಯೆ ಎತ್ತಿಕೊಳ್ಳುವಾಗ ಜೋಕೆ.

ಇನ್ನೊಂದು ಚಾಳಿ ಇದೆ. ಬಳ್ಳಾರಿಯ ಯಾವ ಶಾಲೆಯ ಇತಿಹಾಸ ಬರೆದರೂ ಲಂಡನ್ ಮಿಷನ್ನಿನ ವಾರ್ಡ್ಲಾ ಶಾಲೆಯಿಂದ (1846) ಶುರು ಮಾಡೋದು. ಮೊದಲ ಇಂಗ್ಲಿಷ್ ಶಾಲೆಗಳ ಹಿನ್ನೆಲೆ ಅಂತ ಒಂದು ಪ್ಯಾರಾ ಬರೆಯಿರಿ, ತಪ್ಪಿಲ್ಲ. ಅದರ ವಯಸ್ಸನ್ನು ತಂದು ಬೋರ್ಡ್ ಹೈಸ್ಕೂಲಿಗೆ ಅಂಟಿಸಬೇಡಿ.

ಗವಿಗುಡ್ಡ

ಕೊಪ್ಪಳದವರಿಗೆ ಒಂದು ಮಾತು. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ, ಅದಕ್ಕೂ ಹಿಂದಿನದೆಲ್ಲ ರಾಯಚೂರು ಡಿಡಿಪಿಐ (ಜಿಲ್ಲಾ ಶಿಕ್ಷಣ ಉಪನಿರ್ದೇಶಕರು) ಕಚೇರಿಯ ಹಳೇ ರೆಕಾರ್ಡ್ ರೂಮಿಗೆ ಸೇರಿದ್ದು. ಮೇಲಾಗಿ ಕೊಪ್ಪಳ ನಿಜಾಮರ ನೇರ ಆಡಳಿತದಲ್ಲಿ ಇರಲಿಲ್ಲ, ಸಾಲಾರ್ ಜಂಗರ ಜಹಗೀರು. ಜಹಗೀರು ರದ್ದಾದದ್ದು 1949ರಲ್ಲಿ. ಅಲ್ಲಿಯ ತನಕ ಶಾಲೆ ತೆರೆಯುವ, ಮಾಸ್ತರರನ್ನು ನೇಮಿಸುವ ಆದೇಶ ಜಹಗೀರಿನ ಕಚೇರಿಯಿಂದಲೇ ಬಂದಿರಬಹುದು, ನಾಜಿಂ ಕಡತದಲ್ಲಿ ಕಾಣದಿದ್ದರೆ ಶಾಲೆಯೇ ಇರಲಿಲ್ಲ ಅಂತ ತೀರ್ಮಾನಿಸಬೇಡ್ರಿ. 1949-50ರಲ್ಲಿ "ಸ್ಥಾಪನೆ" ಅಂತ ತೋರಿಸುವ ಶಾಲೆಗಳಲ್ಲಿ ಕೆಲವು ಜಹಗೀರಿನ ಶಾಲೆಯನ್ನು ಸರ್ಕಾರ ವಹಿಸಿಕೊಂಡ ವರ್ಷವೇ ಇದ್ದೀತು.

ಖಾಸಗಿ ಕನ್ನಡ ಶಾಲೆಗಳ ಕಥೆ ಬೇರೆ. ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆ ರಾಯಚೂರಿನಲ್ಲಿ 1920ರಲ್ಲಿ ಆಯಿತು, ಕುಕನೂರಿನ ವಿದ್ಯಾನಂದ ಗುರುಕುಲ 1922ರಲ್ಲಿ. ಸರ್ಕಾರಿ ಶಾಲೆಗೆ ಆ ಹೊತ್ತಿನ ಹುಡುಗರು ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಅಂತ ತಿಳಿಯೋಕೆ ಟಿಸಿ ಕಾಲಂನಲ್ಲಿ ಈ ಹೆಸರುಗಳನ್ನು ಗಮನಿಸ್ರಿ.

ಕಡತದ_ಕೋಣೆ

ಓದುವ ಉತ್ಸಾಹದಲ್ಲಿ ರಿಜಿಸ್ಟರನ್ನೇ ಹಾಳು ಮಾಡೋದು ಬಹಳ ಕಡೆ ನಡೆಯುತ್ತದೆ, ಅದಕ್ಕೇ ಬರೀತಿದ್ದೇನೆ.

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿ ಒತ್ತಿ ಪ್ಲಾಸ್ಟಿಕ್ ಅಂಟಿಸಿದರೆ ಮತ್ತೆ ಬಿಡಿಸೋಕೆ ಆಗೋದಿಲ್ಲ, ಒಳಗೇ ಕಾಗದ ಕಂದುತ್ತದೆ. ಸೆಲ್ಲೋಟೇಪ್ ಕೂಡ ಬೇಡ, ಕೆಲವೇ ವರ್ಷದಲ್ಲಿ ಟೇಪು ಉದುರಿ ಅಂಟು ಮಾತ್ರ ಹಳದಿ ಪಟ್ಟಿಯಾಗಿ ಅಕ್ಷರದ ಮೇಲೆ ಕೂರುತ್ತದೆ. ಹಳೇ ಕಂದು ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದು ಕಾಗದವನ್ನು ತಿನ್ನುತ್ತ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆ ಕೆಲಸ ಇನ್ನೂ ಬೇಗ ಆಗುತ್ತದೆ. ಧೂಳು ತೆಗೆಯಲು ಮೆತ್ತನೆಯ ಒಣ ಬ್ರಷ್, ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ. ಮುಖಕ್ಕೆ ಮಾಸ್ಕ್ ಇರಲಿ. ಬೂಸ್ಟು ಹಿಡಿದಿದ್ದರೆ ನೆರಳಲ್ಲಿ ಫ್ಯಾನ್ ಕೆಳಗೆ ಪುಟ ಬಿಡಿಸಿ ಇಡಿ. ನಮ್ಮ ಕಡೆಯ ಬಿಸಿಲಿಗೆ ಹರಡಿದರೆ ಹುಳ ಹೋಗಬಹುದು, ಜೊತೆಗೆ ಕಾಗದ ಹಪ್ಪಳದಂತೆ ಮುರಿಯಲು ಶುರುವಾಗುತ್ತದೆ, ಶಾಯಿಯೂ ಮಾಸುತ್ತದೆ. ಹಿಟ್-ಗಿಟ್ ಸ್ಪ್ರೇ ಹೊಡೆಯಬೇಡಿ.

ಫೋಟೋ ತೆಗೆಯಲು ಫೋನ್ ಸಾಕು, ಸ್ಕ್ಯಾನರಿಗೆ ಒತ್ತಬೇಡಿ, ಹೊಲಿಗೆ ಬಿಡುತ್ತದೆ. ಎರಡು ಟವೆಲ್ ಸುತ್ತಿ ಎರಡೂ ಬದಿಗೆ ಇಟ್ಟು ರಿಜಿಸ್ಟರನ್ನು ಪೂರ್ತಿ ಮಲಗಿಸದೆ ಅರ್ಧ ತೆರೆದಂತೆ ಕೂರಿಸಿ. ಕಿಟಕಿಯ ಬೆಳಕು ಎಡಗಡೆಯಿಂದ ಬೀಳಲಿ, ಫ್ಲ್ಯಾಶ್ ಆಫ್. ಮೊದಲು ಎಲ್ಲ ಎಡಪುಟ, ಆಮೇಲೆ ಎಲ್ಲ ಬಲಪುಟ, ಫೋನ್ ಪುಟಕ್ಕೆ ನೇರ ಎದುರಾಗಿ ಇರಬೇಕು. ಪ್ರತಿ ಫೋಟೋದಲ್ಲಿ ರಿಜಿಸ್ಟರ್ ನಂಬರ್ ಮತ್ತು ಪುಟ ಸಂಖ್ಯೆ ಬರೆದ ಚೀಟಿ ಅಂಚಿನಲ್ಲಿ ಕಾಣುವಂತೆ ಇಡಿ. ಇದನ್ನು ಬಿಟ್ಟರೆ ಆಮೇಲೆ ನೂರಾರು ಫೋಟೋದಲ್ಲಿ ಯಾವ ಪುಟ ಎಲ್ಲಿಯದು ಅಂತ ಗೊತ್ತಾಗೋದಿಲ್ಲ. ಖಾಲಿ ಪುಟವನ್ನೂ ತೆಗೆಯಿರಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಮೂಲ ಪ್ರತಿ ಅಲ್ಲ, ಅದು ಕುಗ್ಗಿರುತ್ತದೆ. ಮೂಲ ಫೈಲುಗಳನ್ನು ಎರಡು ಬೇರೆ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿಗೆ ಹಾಕಿ, ಒಂದು ಶಾಲೆಯಲ್ಲಿ, ಒಂದು ಹೊರಗೆ.

ಸಂಚಿಕೆಯಲ್ಲಿ ರಿಜಿಸ್ಟರಿನ ಪುಟವನ್ನು ಹಾಗೇ ಅಚ್ಚು ಹಾಕಬೇಡಿ. ಜಾತಿಯ ಕಾಲಂ, ಜನ್ಮ ದಿನಾಂಕ, ತಂದೆಯ ಕಸುಬು ಎಲ್ಲ ಅದರಲ್ಲಿವೆ, ಆ ಮನೆಗಳು ಊರಲ್ಲೇ ಇವೆ. ರಟ್ಟಿನ ಫೋಟೋ, ಶಿರೋನಾಮೆಯ ಸಾಲು, ಬೇಕಾದರೆ ಒಂದು ತಾರೀಖು, ಅಷ್ಟು ಸಾಕು.

ಬಾಗಿಲ ಮೇಲಿನ ಕಲ್ಲಿನ ಬಗ್ಗೆ. ಉಳಿ, ಆಸಿಡ್, ತಂತಿ ಬ್ರಷ್ ಮುಟ್ಟಿಸಬೇಡಿ. ಸುಣ್ಣದ ಪದರವನ್ನು ಬಿದಿರಿನ ಚೂರಿನಿಂದ, ನೈಲಾನ್ ಬ್ರಷ್‌ನಿಂದ ಒಣಗಿದ್ದಾಗಲೇ ನಿಧಾನಕ್ಕೆ ಎಬ್ಬಿಸಿ. ರಾತ್ರಿ ಹೊತ್ತು ಟಾರ್ಚನ್ನು ಕಲ್ಲಿಗೆ ಒರಗಿದ ಹಾಗೆ ಒಂದು ಬದಿಯಿಂದ ಹಿಡಿದರೆ ಹಗಲಲ್ಲಿ ಕಾಣದ ಗೆರೆಗಳು ನೆರಳಿಗೆ ಎದ್ದು ಕಾಣುತ್ತವೆ. ನಾಲ್ಕೂ ಬದಿಯಿಂದ ಬೆಳಕು ಹಿಡಿದು ನಾಲ್ಕು ಫೋಟೋ ತೆಗೆಯಿರಿ. ಓದಿ ಮುಗಿಯುವ ತನಕ ಪೇಂಟರನ್ನು ಹತ್ತಿರ ಬಿಡಬೇಡಿ. ಅಕ್ಷರಕ್ಕೆ ಕಪ್ಪು ತುಂಬುವಾಗ ಅವನಿಗೆ 3 ಕಂಡದ್ದು 8 ಆಗುತ್ತದೆ, ಆಮೇಲೆ ಅದೇ ಇತಿಹಾಸ. ಅದು ಅಡಿಗಲ್ಲೋ ಉದ್ಘಾಟನೆಯ ಕಲ್ಲೋ ಅಂತಲೂ ನೋಡಿ, ಎರಡಕ್ಕೂ ನಡುವೆ ವರ್ಷಗಟ್ಟಲೆ ಅಂತರ ಇರಬಹುದು.

ವಕೀಲ_ಗುಮಾಸ್ತ

ಕಾಗದದ ದಾರಿ ಇಷ್ಟು. ಮಂಜೂರಾತಿ ಆದೇಶದ ಪ್ರತಿಗೆ ಬಿಇಒ, ಡಿಡಿಪಿಐ ಕಚೇರಿಗೆ ಮೊದಲು ಮುಖ್ಯಗುರುಗಳಿಂದಲೇ ಪತ್ರ ಬರೆಸಿ. ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ, ನಮೂನೆ ಎ, 10 ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ಶಾಲೆಯ ಇತಿಹಾಸದ ಸಂಪೂರ್ಣ ಮಾಹಿತಿ ಕೊಡಿ" ಅಂತ ಬರೆದರೆ "ಲಭ್ಯವಿಲ್ಲ" ಅಂತ ಒಂದು ಸಾಲಿನ ಉತ್ತರ ಬರುತ್ತದೆ. "1948ರಿಂದ 1956ರವರೆಗೆ ಇಂಥ ಊರಿನಲ್ಲಿ ಪ್ರೌಢಶಾಲೆ ತೆರೆಯಲು ಹೊರಡಿಸಿದ ಆದೇಶದ ಪ್ರತಿ, ಪ್ರತಿ ಇಲ್ಲದಿದ್ದರೆ ಆ ವರ್ಷಗಳ ಆವಕ-ಜಾವಕ ರಿಜಿಸ್ಟರ್ ಪರಿಶೀಲಿಸಲು ಅವಕಾಶ" ಅಂತ ಕೇಳಿ. 30 ದಿನ ಕಾಯಿರಿ, ಉತ್ತರ ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೂ 30 ದಿನದ ಗಡುವು. ನಕಲಿಗೆ ಪುಟಕ್ಕೆ 2 ರೂಪಾಯಿ. ಕಡತ ನಾಶವಾಗಿದೆ ಅಂದರೆ ನಾಶಪಡಿಸಿದ ಪಟ್ಟಿಯ ಪ್ರತಿ ಕೇಳಿ, ಅದರಲ್ಲಿ ಕಡತದ ಶೀರ್ಷಿಕೆ, ವರ್ಷ ಇರುತ್ತದೆ, ಅರ್ಧ ಕೆಲಸ ಅದರಲ್ಲೇ ಆಗುತ್ತದೆ.

ಜಾಗದ ದಾಖಲೆ ಮರೀಬೇಡಿ. ರಾಯಚೂರು, ಕೊಪ್ಪಳ ಕಡೆ 1954-55ರ ಖಾಸ್ರಾ ಪಹಣಿ (ಸರ್ವೆ ನಂಬರುವಾರು ಜಮೀನಿನ ಪಟ್ಟಿ) ತೆಗೆಸಿ. ಅಷ್ಟೊತ್ತಿಗೆ ಆ ಸರ್ವೆ ನಂಬರಿನಲ್ಲಿ "ಮದರಸಾ" ಅಂತಲೋ "ಸ್ಕೂಲ್" ಅಂತಲೋ ಇದ್ದರೆ ಶಾಲೆ ಅಲ್ಲಿ ಕೂತಿತ್ತು ಅಂತ ಪುರಾವೆ. ಬಳ್ಳಾರಿ ಪಟ್ಟಣದಲ್ಲಿ ಟಿ.ಎಸ್. ನಂಬರ್ ಹಿಡಿದು ಟೌನ್ ಸರ್ವೆ ರಿಜಿಸ್ಟರ್ ನೋಡಬೇಕು. ಇತಿಹಾಸಕ್ಕಷ್ಟೇ ಅಲ್ಲ, ಕಾಂಪೌಂಡ್ ಒತ್ತುವರಿ ಆಗಿದ್ದರೆ ಅದಕ್ಕೂ ಇದೇ ಕಾಗದ ಬೇಕಾಗುತ್ತದೆ.

ಕೃಷ್ಣಾತೀರ

ಕಡತದ_ಕೋಣೆ ಅವರು ಹೇಳಿದಂತೆ ಟಾರ್ಚ್ ಹಿಡಿದು ನೋಡಿದ್ವಿ, ಕಲ್ಲಿನಲ್ಲಿ ಉರ್ದು ಎರಡು ಸಾಲು, ಇಂಗ್ಲಿಷ್ ಒಂದು ಸಾಲು ಇದೆ. ಓದಿಸಬೇಕು. ತೊಲೆಯ ಮೇಲೆ "ಟಾಟಾ" ಅಂತ ಇಂಗ್ಲಿಷ್ ಅಕ್ಷರ ಸ್ಪಷ್ಟ ಇದೆ. ಅದರಿಂದ ಏನಾದರೂ ತಿಳಿಯುತ್ತದಾ? ಮತ್ತೆ ಎರಡನೇ ರಿಜಿಸ್ಟರಿನ ಮೊದಲ ಪುಟದವರೆಲ್ಲ ಎಂಟನೇ ತರಗತಿ, ಹಿಂದಿನ ಶಾಲೆ "ಸ.ಮಿ. ಶಾಲೆ" (ಸರ್ಕಾರಿ ಮಿಡ್ಲ್ ಶಾಲೆ) ಅಂತಿದೆ, ಟಿಸಿ ನಂಬರೂ ಇದೆ. ಹಿರಿಯರಿಗೆ ಹೇಗೆ ಹೇಳೋದು ಅಂತ ಯೋಚನೆ ಆಗಿದೆ.

ಬಳ್ಳಾರಿ_ಬತೇರಿ

ಜಮಶೆಡ್‌ಪುರದಲ್ಲಿ ಟಾಟಾದವರು ಉಕ್ಕು ತೆಗೆಯಲು ಶುರು ಮಾಡಿದ್ದು 1912ರಲ್ಲಿ. ಆದ್ದರಿಂದ ಆ ಚಾವಣಿ ಅದಕ್ಕಿಂತ ಹಿಂದಿನದಲ್ಲ, ಅಷ್ಟೇ. ಕೆಳಗಿನ ಮಿತಿ ಸಿಕ್ಕಿತು, ವರ್ಷ ಸಿಗಲಿಲ್ಲ. ಬೇರೆ ಕಟ್ಟಡದಿಂದ ಬಿಚ್ಚಿ ತಂದ ತೊಲೆಯೂ ಆಗಿರಬಹುದು, ತುದಿಯಲ್ಲಿ ಕೆಲಸಕ್ಕೆ ಬಾರದ ಬೋಲ್ಟಿನ ತೂತುಗಳಿದ್ದರೆ ಹಾಗೇ ಅಂದುಕೊಳ್ಳಿ.

ಫಸಲಿ_ಲೆಕ್ಕ

ಹಾಗಾದರೆ ಬೋರ್ಡು ಬರೆಸಿದವರು ಹೇಳಿದ್ದೇ ಸರಿ, ಪ್ರೌಢಶಾಲೆ 1952. ಹಿರಿಯರೂ ಪೂರ್ತಿ ತಪ್ಪಿಲ್ಲ, ಆ ಜಾಗದಲ್ಲಿ ಪಾಠ ಅದಕ್ಕಿಂತ ಹಳೆಯದು. ಸಂಚಿಕೆಯ ಮೊದಲ ಪುಟಕ್ಕೆ ಹೀಗೆ ಬರೆದರೆ ಯಾರೂ ಬೆರಳು ತೋರಿಸೋಕೆ ಆಗೋದಿಲ್ಲ: "ಫಸಲಿ 1342ರ ಅಮರ್ದಾದ್ (1933ರ ಜೂನ್ ಸುಮಾರು) ಹೊತ್ತಿಗೆ ಈ ಊರಿನಲ್ಲಿ ಏಳನೇ ತರಗತಿಯವರೆಗಿನ ಉರ್ದು ಮಾಧ್ಯಮದ ಸರ್ಕಾರಿ ಶಾಲೆ ನಡೆಯುತ್ತಿತ್ತು. ಆ ಶಾಲೆಯ ವಿದ್ಯಾರ್ಥಿಗಳನ್ನು ಎಂಟನೇ ತರಗತಿಗೆ ಸೇರಿಸಿಕೊಂಡು 1952ರಲ್ಲಿ ಪ್ರೌಢಶಾಲೆ ಆರಂಭವಾಯಿತು." ಕಲ್ಲಿನ ಸಾಲು ಓದಿಸಿದ ಮೇಲೆ ಕಟ್ಟಡದ ವರ್ಷ ಮೂರನೇ ವಾಕ್ಯವಾಗಿ ಸೇರಿಸಿ.

ಸಮಾರಂಭ ಈಗಲೇ ಬೇಕೇ ಬೇಕು ಅಂದರೆ ಪ್ರೌಢಶಾಲೆಯ ಅಮೃತ ಮಹೋತ್ಸವ ಮಾಡಲಿ, 1952ಕ್ಕೆ 75 ಕೂಡಿಸಿದರೆ 2027. ನೂರರದ್ದು 2033ಕ್ಕೆ, ಪ್ರಾಥಮಿಕ ಶಾಲೆಯವರನ್ನೂ ಕರೆದು. ಅಷ್ಟರೊಳಗೆ ತಹ್ತಾನಿಯಾದ ರಿಜಿಸ್ಟರ್ ಅವರ ಬೀರುವಿನಲ್ಲಿ ಸಿಕ್ಕರೆ ಆ ವರ್ಷವೂ ಬದಲಾಗಬಹುದು, ಆಮಂತ್ರಣ ಈಗಲೇ ಅಚ್ಚು ಹಾಕಿಸಬೇಡಿ.